ಬರ್ಕೊಳ್ಳಿ ಅಂದರೆ

ಭೌತಶಾಸ್ತ್ರದ ಮೇಡಂಗೆ ಕಾಲೇಜಿನಲ್ಲಿ ಚಮಚದ ಮೇಡಂ ಎಂದೇ ಹೆಸರು. ಚಮಚ, ಮೇಣದಬತ್ತಿ, ಖಾಲಿ ಬಾಟಲಿ ಇಲ್ಲದೆ ಆಕೆ ಪಾಠ ಮಾಡಿದವಳೇ ಅಲ್ಲ. "ಪ್ರಿನ್ಸಿಪಾಲರಿಗೆ ಚಮಚ ಆದವರೆಲ್ಲ ಖಾಯಂ ಆದ್ರು, ಚಮಚ ಹಿಡ್ಕೊಂಡು ಓಡಾಡೋ ನೀವು ಮಾತ್ರ ಹಂಗಾಮಿ ನೋಡಿ" ಎಂದು ಜೊತೆಯವರು ರೇಗಿಸುತ್ತಿದ್ದರು. ಆಕೆಯೂ ನಗುತ್ತಿದ್ದಳು. ಆದರೆ ಪ್ರಿನ್ಸಿಪಾಲರು ಮನಸ್ಸು ಮಾಡಿದರಷ್ಟೇ ಮುಂದಿನ ವರ್ಷದ ಕೆಲಸ; ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆ, ದುಡಿಯುವ ಕೈ ಇವಳದೊಂದೇ.

ಈ ಪ್ರಿನ್ಸಿಪಾಲರಿಗೆ ಸದ್ದಿಲ್ಲದ ಕ್ಲಾಸೇ ಒಳ್ಳೆಯ ಕ್ಲಾಸು. ಮೆತ್ತನೆಯ ಚಪ್ಪಲಿ ಹಾಕಿಕೊಂಡು ಬೆಕ್ಕಿನ ಹಾಗೆ ಕಾರಿಡಾರಿನಲ್ಲಿ ಸುಳಿಯುತ್ತಿದ್ದರು. ಮಕ್ಕಳಿಂದ ಚರ್ಚೆ ಮಾಡಿಸಿದ ಇತಿಹಾಸದ ಮೇಷ್ಟ್ರನ್ನು "ಇದೇನು ಸಂತೆನಾ?" ಎಂದು ಕೇಳಿದ್ದರು, ಮರುವರ್ಷ ಆ ಮೇಷ್ಟ್ರೇ ಇರಲಿಲ್ಲ. ಅಂದಿನಿಂದ ಸ್ಟಾಫ್ ರೂಮಿನಲ್ಲಿ ಹೊಸದೇನಾದರೂ ಮಾಡೋಣ ಎನ್ನುವವರ ಬಾಯಿಗೆ ಬೀಗ ಬಿತ್ತು. ಎಲ್ಲರೂ ನೋಟ್ಸ್ ಓದಿ ಬರೆಸುವವರೇ.

ಚಮಚದ ಮೇಡಂಗೆ ತನ್ನ ರೀತಿ ಬಿಡಲು ಮನಸ್ಸಿಲ್ಲ, ಕೆಲಸ ಬಿಡಲು ಧೈರ್ಯವಿಲ್ಲ. ಹಾಗಾಗಿ, ಸಿಕ್ಕಿಬಿದ್ದರೆ ತನ್ನ ಕೆಲಸ ಹೋಗುತ್ತದೆಂದು ಹೇಳಿ ಮಕ್ಕಳ ಜೊತೆ ಒಂದು ಒಪ್ಪಂದ ಮಾಡಿಕೊಂಡಿದ್ದಳು. ಬಾಗಿಲಲ್ಲಿ ನೆರಳು ಕಂಡರೆ ಆಕೆ "ಬರ್ಕೊಳ್ಳಿ" ಎನ್ನುವಳು. ತಕ್ಷಣ ಸಾಮಾನೆಲ್ಲ ಬೆಂಚಿನ ಕೆಳಗೆ, ಪೆನ್ನು ಕೈಗೆ. ಮಕ್ಕಳಿಗೆ ಅದೊಂದು ಆಟ. ಆಕೆಗೆ ಪ್ರತಿ ಸಲವೂ ಜೀವ ಬಾಯಿಗೆ ಬರುತ್ತಿತ್ತು.

ಅಂದು ಚಮಚದ ತುದಿ ಕಾಯಿಸಿ, ಬಿಸಿ ಹಿಡಿಕೆಗೆ ಹೇಗೆ ಹರಿಯುತ್ತದೆಂದು ನೋಡುತ್ತಿದ್ದರು. ನೆರಳು ಬಿತ್ತು.

"ಬರ್ಕೊಳ್ಳಿ."

ಮೇಣದಬತ್ತಿಗಳು ಆರಿದವು. ಪ್ರಿನ್ಸಿಪಾಲರು ಒಳಗೇ ಬಂದರು. "ಏನೋ ಹೊಗೆ ವಾಸನೆ?"

"ಹೊರಗಿಂದ ಇರ್ಬೇಕು ಸರ್." ಆಕೆ ಬಾಯಿಗೆ ಬಂದದ್ದನ್ನು ಹೇಳಿ ಬರೆಸಿದಳು. ಅವರು ಬೆಂಚುಗಳ ನಡುವೆ ಸುತ್ತಿದರು, ಯಾರೂ ತಲೆಯೆತ್ತಲಿಲ್ಲ. "ಕ್ಲಾಸ್ ಅಂದ್ರೆ ಹೀಗಿರ್ಬೇಕು. ನಿಮ್ಮನ್ನ ಖಾಯಂ ಮಾಡೋಕೆ ನಾನೇ ಹೇಳ್ತೀನಿ" ಎಂದು ಹೊರಟರು.

ಹೋದ ಜೀವ ಬಂದಂತಾಯಿತು. ಅಷ್ಟರಲ್ಲಿ ಕೊನೆಯ ಬೆಂಚಿನ ಹುಡುಗಿ ಕಣ್ಣಿಗೆ ಬಿದ್ದಳು. ಬಲಗೈಯಲ್ಲಿ ಪೆನ್ನು, ಎಡಗೈ ಮುಷ್ಟಿ ಬಿಗಿದು ತೊಡೆಯ ಮೇಲೆ. ಬಿಡಿಸಿ ನೋಡಿದರೆ ಕಾದ ಚಮಚ, ಅಂಗೈಯೆಲ್ಲ ಬೊಬ್ಬೆ.

"ಅಯ್ಯೋ, ಬಿಸಾಕೋದಲ್ವೇನೇ?"

"ಸದ್ದಾಗ್ತಿತ್ತು ಮೇಡಂ. ನಿಮ್ಮ ಕೆಲಸ ಹೋಗತ್ತೆ ಅಂತ ಭಯ ಆಯ್ತು."

ತನ್ನ ಭಯವನ್ನು ತಾನೇ ಈ ಮಗುವಿಗೆ ಅಂಟಿಸಿದ್ದಳು. "ನಲ್ಲಿ ಕೆಳಗೆ ಹಿಡಿ, ಕೈ ತೆಗೀಬೇಡ" ಎಂದು ಗೆಳತಿಯ ಜೊತೆ ಓಡಿಸಿದಳು. ಅತ್ತೆಯ ಮುಖ ಕಣ್ಣ ಮುಂದೆ ಬಂತು. ಆದರೂ ಕಾರಿಡಾರಿಗೆ ಬಂದು ಇಡೀ ಕಾಲೇಜಿಗೆ ಕೇಳುವ ಹಾಗೆ ಕೂಗಿದಳು.

"ಸರ್, ವಾಪಸ್ ಬನ್ನಿ. ಹೊಗೆ ನನ್ನ ಕ್ಲಾಸಿಂದೇ."