ಅಬಾಯಾದೊಳಗಿನ ಕತ್ತಲು

ನನ್ನ ನೆನಪನ್ನು ನಾನು ನಂಬುವುದಿಲ್ಲ, ಮೊಟ್ಟೆಯ ಟ್ರೇಯನ್ನು ನಂಬುತ್ತೇನೆ. ಎಂಬತ್ತರ ದಶಕದಲ್ಲಿ ಸೌದಿಯ ಖಮೀಸ್ ಮುಶೈತ್‌ನ ನಮ್ಮ ಬಾಡಿಗೆ ಮನೆಯಲ್ಲಿ, ಶುಕ್ರವಾರದ ಊಟವಾದ ಮೇಲೆ, ಹಳೆಯ ಕ್ಯಾಮೆರಾ ರಿಪೇರಿ ಕಲಿಸುತ್ತಿದ್ದಾಗ ನನ್ನ ಮೊದಲ ಪಾಠವೇ ಅದಾಗಿತ್ತು. ಬಿಚ್ಚಿದ ಸ್ಕ್ರೂಗಳನ್ನು ಬಿಚ್ಚಿದ ಕ್ರಮದಲ್ಲೇ ಟ್ರೇಯ ಗುಳಿಗಳಲ್ಲಿ ಇಡುತ್ತಾ ಹೋಗಿ. ‘ನೆನಪಿರುತ್ತದೆ’ ಎಂದು ಮಾತ್ರ ಹೇಳಬೇಡಿ.

ಕಲಿಸುವ ಯೋಗ್ಯತೆ ನನಗೇನಿತ್ತೋ! ಮೈಸೂರಿನಲ್ಲಿ ಭೌತಶಾಸ್ತ್ರ ಓದಿ, ಇಲ್ಲಿ ಸಿಮೆಂಟಿನ ಗೋದಾಮು ಕಾಯುತ್ತಿದ್ದೆ. ಸುಮ್ಮನೆ ಕೂರಲು ಬಾರದವನು. ಜಿದ್ದಾದ ಹಳೆ ಸಾಮಾನಿನ ಸಂತೆಯಿಂದ ಕೆಟ್ಟ ಕ್ಯಾಮೆರಾಗಳನ್ನು ತಂದು ಬಿಚ್ಚುತ್ತಿದ್ದೆ. ನೋಡಲು ಬಂದವರು ತಮ್ಮದನ್ನೂ ತಂದು ಬಿಚ್ಚತೊಡಗಿದರು. ಅಷ್ಟರಲ್ಲಿ ನಾನು ‘ಮಾಷ್ಟ್ರು’ ಆಗಿಬಿಟ್ಟಿದ್ದೆ. ಕೆಲವು ಕ್ಯಾಮೆರಾಗಳು ಸರಿಯಾದದ್ದೂ ಉಂಟು.

ಒಂದು ಶುಕ್ರವಾರ ಬಂಟ್ವಾಳದ ಹಮೀದ್ ತನ್ನ ಕ್ಯಾಮೆರಾವನ್ನು ಸಾರು ತುಂಬಿದ ಪಾತ್ರೆಯಂತೆ ಎರಡೂ ಕೈಯಲ್ಲಿ ಹಿಡಿದು ಬಂದ. ಮಕ್ಕಾಕ್ಕೆ ಉಮ್ರಾ ಯಾತ್ರೆಗೆ ಬಂದಿದ್ದ ತಾಯಿಯನ್ನು ಜಿದ್ದಾದ ಕಡಲ ಬದಿಯಲ್ಲಿ ನಿಲ್ಲಿಸಿ ಫೋಟೋ ತೆಗೆದಿದ್ದನಂತೆ. ಪಾಸ್‌ಪೋರ್ಟಿಗೆ ಬಿಟ್ಟರೆ ಆಕೆ ಫೋಟೋಕ್ಕೆ ನಿಂತದ್ದು ಅದೇ ಮೊದಲು. ಈಗ ಆಕೆ ಊರು ಸೇರಿದ್ದರು. ರೀಲು ಮಾತ್ರ ತುದಿಯಲ್ಲಿ ಕಿತ್ತುಹೋಗಿ ಕ್ಯಾಮೆರಾದೊಳಗೇ ಸಿಕ್ಕಿಕೊಂಡಿತ್ತು. ಹಿಂದಕ್ಕೆ ಸುತ್ತಲು ಬಾರದು. ಬೆಳಕಿನಲ್ಲಿ ತೆರೆದರೆ ಚಿತ್ರಗಳೆಲ್ಲ ಹೋದ ಹಾಗೆಯೇ.

“ಉಮ್ಮ ಇನ್ನೊಮ್ಮೆ ಈ ಕಡೆ ಬರ್ತಾರೋ ಇಲ್ವೋ ಮಾಷ್ಟ್ರೇ. ಎಂತಾದ್ರೂ ಮಾಡಿ,” ಅಂದ.

ಕತ್ತಲು ಬೇಕಿತ್ತು. ಆ ಬೆಟ್ಟದೂರಿನ ಬಿಸಿಲೋ ಬಚ್ಚಲಿನ ಬಾಗಿಲ ಸಂದಿಯಿಂದಲೂ ನುಗ್ಗುವಂಥದು. ಕತ್ತಲ ಕೋಣೆಗೆ ಒಂದು ಸಣ್ಣ ತೂತಿದ್ದರೂ ಸಾಕು, ಹೊರಗಿನ ಲೋಕವೇ ತಲೆಕೆಳಗಾಗಿ ಗೋಡೆಯ ಮೇಲೆ ಮೂಡುತ್ತದೆ ಎಂದು ಅರಬ್ ವಿದ್ವಾಂಸರು ಶತಮಾನಗಳ ಹಿಂದೆಯೇ ಕಂಡುಕೊಂಡಿದ್ದರು. ರಾತ್ರಿಯವರೆಗೆ ಕಾಯುವ ತಾಳ್ಮೆ ಹಮೀದನಿಗಿರಲಿಲ್ಲ. ನನಗಂತೂ ಹುಟ್ಟಿನಿಂದಲೇ ಇಲ್ಲ. ಆಗ ಮೊಳೆಗೆ ತೂಗುಹಾಕಿದ್ದ ನನ್ನ ಹೆಂಡತಿ ಜೊಹರಾ ಹೊರಗೆ ಹೋಗುವಾಗ ತೊಡುವ ಕಪ್ಪು ನಿಲುವಂಗಿ, ಅಬಾಯಾ, ಕಣ್ಣಿಗೆ ಬಿತ್ತು. ಅದನ್ನು ಮಡಿಚಿ, ಒಳಗೆ ಕ್ಯಾಮೆರಾವನ್ನೂ ಒಂದು ಡಬ್ಬಿಯನ್ನೂ ಇಟ್ಟು, ಮೇಲೆ ಕಂಬಳಿ ಹೊದಿಸಿ, ಅಬಾಯಾದ ಎರಡು ತೋಳುಗಳಲ್ಲಿ ಕೈ ತೂರಿಸಿದೆ. ಬೆಳಕು ನುಸುಳದಂತೆ ಹಮೀದ್ ನನ್ನ ಮಣಿಕಟ್ಟುಗಳ ಮೇಲೆ ಬಟ್ಟೆಯನ್ನು ಬಿಗಿಯಾಗಿ ಒತ್ತಿ ಹಿಡಿದ.

ಗೆಳತಿಯ ಮನೆಗೆ ಹೊರಟಿದ್ದ ಜೊಹರಾ ಪರದೆಯ ಹಿಂದಿನಿಂದ ಕೇಳಿದಳು: “ನನ್ನ ಅಬಾಯಾ ಎಲ್ಲಿ?”

“ಅದರೊಳಗೆ ಹಮೀದನ ಉಮ್ಮ ಇದ್ದಾರೆ. ಸ್ವಲ್ಪ ತಡಿ.”

“ಹಾಗಾದ್ರೆ ನಾನು ನಿಮ್ಮ ಲುಂಗಿ ಸುತ್ತಿಕೊಂಡು ಹೋಗ್ಬೇಕಾ?”

ಹಮೀದ್ ನಗಲೂ ಹೆದರಿ ಉಸಿರು ಬಿಗಿಹಿಡಿದ. ಬೆರಳುಗಳು ಕತ್ತಲಲ್ಲಿ ತಡಕಾಡಿ, ರೀಲನ್ನು ಬಿಡಿಸಿ, ಸುರುಳಿ ಸುತ್ತಿ ಡಬ್ಬಿಗೆ ಸೇರಿಸಿದವು.

ಸ್ಟುಡಿಯೋದಲ್ಲಿ ರೀಲು ತೊಳೆಸಿದಾಗ ಚಿತ್ರ ಬಂತು. ಹಿಂದೆ ಕಡಲು, ಮುಂದೆ ನಗಬೇಕೋ ಬೇಡವೋ ಎಂದು ನಿಂತ ತಾಯಿ. ಆಕೆಯ ಭುಜದ ಮೇಲೆ ಮಾತ್ರ ಕಿತ್ತಳೆ ಬಣ್ಣದ ಬೆಳಕಿನ ಒಂದು ಪಟ್ಟಿ. ಎಲ್ಲಿಂದಲೋ ಬೆಳಕು ನುಸುಳಿತ್ತು; ಅಬಾಯಾದಲ್ಲಿ ನುಸಿ ಕೊರೆದ ತೂತಿದೆ ಎಂದು ಆಗಲೇ ನಿರ್ಧರಿಸಿದೆ.

ರಜೆ ಮುಗಿಸಿ ಬಂದ ಹಮೀದ್ ಹೇಳಿದ: “ಉಮ್ಮ ಫೋಟೋಕ್ಕೆ ಕಟ್ಟು ಹಾಕಿಸಿದ್ದಾರೆ. ಆ ಬೆಳಕು ಮಕ್ಕಾದಿಂದ ಬಂದ ಬರ್ಕತ್ತಂತೆ, ದೇವರ ಆಶೀರ್ವಾದವಂತೆ. ಬಂದವರಿಗೆಲ್ಲ ತೋರಿಸ್ತಾರೆ. ಹೌದಲ್ವಾ ಮಾಷ್ಟ್ರೇ?”

ನಾನು ಬಾಯಿ ತೆರೆದೆ. ಪರದೆಯ ಹಿಂದೆ ಒಂದು ಕೆಮ್ಮು ಕೇಳಿಸಿತು. “ಚಹಾ ಕುಡಿ ಮಾರಾಯ,” ಅಂದೆ.

ಮೊನ್ನೆ ಜೊಹರಾಳಿಗೆ ಆ ತೂತನ್ನು ನೆನಪಿಸಿದೆ.

“ನನ್ನ ಅಬಾಯಾದಲ್ಲಿ ತೂತಾ? ಆಗಷ್ಟೇ ಈದಿಗೆ ತಂದ ಹೊಸ ಅಬಾಯಾ ಅದು!”

“ಹಾಗಾದರೆ ಹಮೀದ್ ಸರಿಯಾಗಿ ಹಿಡಿದಿರಲಿಲ್ಲ.”

“ಅವನು ಹಿಡಿದ ಬಿಗಿಗೆ ಬಾತುಹೋದ ನಿಮ್ಮ ಮಣಿಕಟ್ಟಿಗೆ ಮುಲಾಮು ಹಚ್ಚಿದವಳು ನಾನು!”

ನೆನಪಿಗೆ ಮೊಟ್ಟೆಯ ಟ್ರೇ ಇಲ್ಲ. ಭೌತಶಾಸ್ತ್ರ ಓದಿದವನಿಗೆ ಕೊನೆಗೆ ಉಳಿದದ್ದು ಒಂದು ತೂತು. ಅದನ್ನೂ ಇವಳು ಹೊಲಿದುಬಿಟ್ಟಳು.