ಸಾವಾದ ಮನೆಯ ರೇಟು

ನನ್ನ ಅತ್ತೆ ಹುಣಸೂರಿನ ಸಂತೆಯಲ್ಲಿ ಬದನೆ, ಹುರುಳಿಕಾಯಿ ಮಾರಿ ಮಗ ಮಗಳಿಬ್ಬರನ್ನೂ ಬೆಳೆಸಿದವರು. ಚೌಕಾಸಿ ಮಾಡುವ ಗಿರಾಕಿ ಸಿಕ್ಕಿದರೆ ಅವರಿಗೆ ಖುಷಿಯೋ ಖುಷಿ. ಮದುವೆಯಾಗಿ ಬಂದ ಹೊಸತರಲ್ಲಿ ನಾನು ಕೇಳಿದಷ್ಟು ಕೊಟ್ಟು ಟೊಮೆಟೊ ತಂದೆನೆಂದು, ನಿನ್ನ ಬಿ.ಎಡ್ಡಿಗೆ ನಿಮ್ಮಪ್ಪ ಸುರಿದ ದುಡ್ಡೆಲ್ಲ ದಂಡ ಎಂದು ಬೀದಿಗೆ ಕೇಳುವಂತೆ ಹೇಳಿದ್ದರು. ನಾನು ಖಾಸಗಿ ಹೈಸ್ಕೂಲೊಂದರಲ್ಲಿ ಕನ್ನಡ ಪಾಠ ಮಾಡುತ್ತಿದ್ದೆ. ನಮ್ಮ ಯಜಮಾನರು ಗೊಬ್ಬರದ ಅಂಗಡಿಯಲ್ಲಿ ಕೆಲಸಕ್ಕಿದ್ದರು. ಮೂವರೂ ಹುಣಸೂರಿನ ಒಂದು ಹೆಂಚಿನ ಬಾಡಿಗೆ ಮನೆಯಲ್ಲಿದ್ದೆವು. ಮುಂದೆ ಪಡಸಾಲೆ, ಹಿಂದೆ ಅಡುಗೆಮನೆ, ನಡುವೆ ಬೆಳಕು ಬಾರದ ಒಂದು ಕೋಣೆ. ಆ ಕೋಣೆ ಅತ್ತೆಯದು.

ಸ್ವಂತ ಮನೆಯ ಆಸೆ ನಮಗಿಂತ ಹೆಚ್ಚಾಗಿ ಅವರಿಗಿತ್ತು. ಬಾಡಿಗೆ ಮನೆಯಿಂದ ಹೆಣ ಎತ್ತಿಸಿಕೊಳ್ಳುವುದು ಅವರ ಪಾಲಿಗೆ ದೊಡ್ಡ ಅವಮಾನ. ಭಾನುವಾರ ಬಂದರೆ ಸಾಕು, ನಮ್ಮನ್ನು ಬೈಕು ಹತ್ತಿಸಿ ಮನೆ ನೋಡಲು ಅಟ್ಟುತ್ತಿದ್ದರು. ಮೊದಲು ಹುಣಸೂರಿನಲ್ಲೇ ಹುಡುಕಿದೆವು. ಮೈಸೂರಿನವರು ಬಂದು ಕೇಳಿದಷ್ಟು ಕೊಟ್ಟು ಕೊಳ್ಳತೊಡಗಿದ ಮೇಲೆ ಕೆ.ಆರ್. ನಗರದ ಕಡೆ ಹೊರಳಿದೆವು. ಅಲ್ಲಿ ಕಾಲುವೆ ನೀರಿನ ಗದ್ದೆಗಳೇ ಲೇಔಟ್ ಆಗುತ್ತಿದ್ದವು. ಗದ್ದೆ ಮಾರಿದವರೇ ಪೇಟೆಯ ಮನೆಗಳಿಗೆ ಕೈ ಹಾಕುತ್ತಿದ್ದರು. ಪಿರಿಯಾಪಟ್ಟಣದಲ್ಲಿ ಒಂದು ಮನೆಗೆ ಅಡ್ವಾನ್ಸ್ ಕೊಟ್ಟು, ಸಿಹಿ ಹಂಚಿ ಬಂದೆವು. ಮುಂದಿನ ತಿಂಗಳು ಆ ಮನೆಯವನೇ ಬಂದು ಹಣ ವಾಪಸು ಇಟ್ಟು, ಕೊಡಗಿನ ಕಡೆಯ ಪಾರ್ಟಿಯೊಂದು ಹೆಚ್ಚಿಗೆ ಹೇಳಿದೆ ಎಂದ. ಕಾಫಿ ಕುಡಿದೇ ಹೋದ. ನಾವು ಉಳಿಸಿದ ದುಡ್ಡು ಪ್ರತಿ ವರ್ಷ ಹೆಚ್ಚುತ್ತಿತ್ತು, ಪ್ರತಿ ವರ್ಷ ಅದಕ್ಕೆ ಸಿಗುವ ಮನೆ ಚಿಕ್ಕದಾಗುತ್ತಿತ್ತು, ಊರು ದೂರವಾಗುತ್ತಿತ್ತು.

ಆಗ ನಮ್ಮ ಮನೆಯ ಓನರೇ ಮಾರಾಟದ ಮಾತೆತ್ತಿದರು. ಸರ್ಕಾರಿ ನೌಕರಿಯಿಂದ ನಿವೃತ್ತರಾದವರು, ಮೃದು ಮಾತಿನವರು. ಇಷ್ಟು ವರ್ಷ ಇದ್ದೀರಿ, ನಿಮಗೇ ಕೊಡುತ್ತೇನೆ ಎಂದರು. ಸಾಲಕ್ಕೆ ಓಡಾಡಿ, ನನ್ನ ಎರಡೆಳೆ ಸರ ಮಾರಿ ಸಿದ್ಧವಾದಾಗ ಬೆಲೆ ಏರಿಸಿದರು. ಒಪ್ಪಿಕೊಂಡೆವು. ಯಜಮಾನರು ತಮ್ಮ ತಂಗಿಯ ಹತ್ತಿರ ಕೈಗಡ ತಂದರು. ಓನರ್ ಮತ್ತೆ ಏರಿಸಿದರು. "ರೇಟು ನಾನು ಮಾಡಿದ್ದಲ್ಲ ಕಣಮ್ಮ," ಎಂದರು ನನಗೆ, ತಾವೇ ಅನ್ಯಾಯಕ್ಕೊಳಗಾದವರ ಹಾಗೆ.

ಆ ಹೊತ್ತಿಗೇ ಅತ್ತೆ ಮಲಗಿದರು. ಎರಡೂ ಮೂತ್ರಪಿಂಡ ಕೈಕೊಟ್ಟಿದ್ದವು. ಮೈಸೂರಿನ ಆಸ್ಪತ್ರೆಯವರು ಸ್ವಲ್ಪ ದಿನ ಇಟ್ಟುಕೊಂಡು, ಇನ್ನು ಮನೆಯಲ್ಲೇ ನೋಡಿಕೊಳ್ಳಿ ಎಂದು ಕಳಿಸಿದರು. ಮೈಯೆಲ್ಲ ಊದಿತ್ತು. ತಲೆ ಮಾತ್ರ ಮೊದಲಿನಷ್ಟೇ ಚುರುಕಾಗಿತ್ತು.

ಒಂದು ಬೆಳಿಗ್ಗೆ ಓನರು ಮೈಸೂರಿನ ಗಂಡಹೆಂಡಿರನ್ನು ಕರೆತಂದರು. ನಮ್ಮನ್ನು ಮೊದಲು ಕೇಳಿರಲಿಲ್ಲ. ಬಂದಾತ ಟೇಪು ಹಿಡಿದು ಪಡಸಾಲೆ ಅಳೆದು, ನಡುಮನೆಯ ಕೋಣೆಗೂ ಬಂದ. ಅತ್ತೆಯ ಹಾಸಿಗೆಯ ಮೇಲೆಯೇ ಟೇಪನ್ನು ಎಳೆದ. ಅವನ ಹೆಂಡತಿ ಮೂಗಿಗೆ ಸೆರಗು ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಅತ್ತೆ ಕಣ್ಣು ಮಿಟುಕಿಸದೆ ಇಬ್ಬರನ್ನೂ ನೋಡುತ್ತಿದ್ದರು.

ಅವರು ಹೋದ ಮೇಲೆ ಓನರು ಯಜಮಾನರನ್ನು ಜಗಲಿಗೆ ಕರೆದು ಮಾತಾಡಿದರು. ದನಿ ತಗ್ಗಿಸಿದ್ದರೂ ಒಳಗೆ ಕೇಳುತ್ತಿತ್ತು.

"ನಿಮ್ಮ ತಾಯೀನ ಎಲ್ಲಾದ್ರೂ ಸೇರಿಸ್ಬುಡಿ. ಇಲ್ಲೇ ಎಚ್ಚುಕಮ್ಮಿ ಆಗೋದ್ರೆ ಈ ಮನೇನ ಯಾರು ತಗೊತಾರೆ, ನೀವೇ ಯೋಳಿ."

ಕೆಟ್ಟ ನಕ್ಷತ್ರದಲ್ಲಿ ಜೀವ ಹೋದರೆ ಆ ಮನೆಗೆ ಬೀಗ ಹಾಕಿ, ತಿಂಗಳುಗಟ್ಟಲೆ ಬೇರೆಡೆ ಇರುವುದು ನಮ್ಮ ಕಡೆ ಇಂದಿಗೂ ನಡೆಯುತ್ತದೆ. ಆಮೇಲೆ ಶಾಂತಿ ಮಾಡಿಸಿದರೂ ಕೊಳ್ಳುವವರು ಹಿಂಜರಿಯುತ್ತಾರೆ. ಯಜಮಾನರು ತಲೆ ತಗ್ಗಿಸಿ, ನೋಡುತ್ತೇನೆ ಸಾರ್ ಎಂದರು.

ನೋಡಿದೆವು ಕೂಡ. ಬಾಡಿಗೆಗೆ ಕೇಳಿದ ಕಡೆಯಲ್ಲೆಲ್ಲ ಮನೆಯಲ್ಲಿ ಯಾರ್ಯಾರಿದ್ದೀರಿ ಎಂದು ವಿಚಾರಿಸುತ್ತಿದ್ದರು. ಹಾಸಿಗೆ ಹಿಡಿದ ತಾಯಿ ಇದ್ದಾರೆ ಎಂದ ಕೂಡಲೇ ಮನೆ ಆಗಲೇ ಬೇರೆಯವರಿಗೆ ಮಾತಾಗಿರುತ್ತಿತ್ತು. ಕೊನೆಗೆ ಸರಗೂರಿಗೆ, ಅತ್ತೆಯ ಮಗಳ ಮನೆಗೆ ಹೋದೆವು. ಹೊಸದಾಗಿ ಕಟ್ಟಿದ ಎರಡಂತಸ್ತಿನ ಮನೆ, ಬಾಗಿಲಿಗೆ ಕಟ್ಟಿದ ಮಾವಿನ ತೋರಣ ಒಣಗಿದ್ದರೂ ಇನ್ನೂ ಬಿಚ್ಚಿರಲಿಲ್ಲ. ನಾದಿನಿ ನಮಗೆ ಊಟ ಬಡಿಸಿದಳು, ಅಳುತ್ತಲೇ ಬಡಿಸಿದಳು.

"ಗೃಹಪ್ರವೇಶ ಆಗಿ ವರ್ಸ ತುಂಬಿಲ್ಲ ಕಣಣ್ಣ," ಎಂದಳು ಅಣ್ಣನಿಗೆ. "ಅವ್ವನ್ನ ಇಲ್ಲಿ ಮಲಗುಸ್ಕೊಂಡು ಏನಾರ ಆದ್ರೆ ನಮ್ಮತ್ತೆ ನನ್ನ ಬುಟ್ಟಾರಾ?"

ತಿರುಗಿ ಬರುವಾಗ ದಾರಿ ಕೂಡುವ ಹ್ಯಾಂಡ್‌ಪೋಸ್ಟಿನಲ್ಲಿ ಬೈಕು ನಿಲ್ಲಿಸಿ ಯಜಮಾನರು ಟೀ ಕುಡಿದರು. ನನ್ನ ಕಡೆ ನೋಡಲಿಲ್ಲ.

ಅತ್ತೆಗೆ ನಾವು ಏನನ್ನೂ ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಮರುದಿನ ಮೈ ಒರೆಸುತ್ತಿದ್ದಾಗ ನನ್ನ ಮುಂಗೈ ಹಿಡಿದುಕೊಂಡರು.

"ನನ್ನ ಎಲ್ಗೂ ಒತ್ಕೊಂಡೋಗ್ಬ್ಯಾಡಿ. ಇಲ್ಲೇ ಸಾಯ್ತೀನಿ. ಸತ್ತ ಮನೆ ಅಂದ್ರೆ ಆ ಟೇಪಿನೋನು ಈ ಕಡೆ ತಲೆ ಆಕಾಕಿಲ್ಲ. ಆಗ ಓನರು ನೀವು ಕೇಳಿದ್ ರೇಟ್ಗೆ ಕೊಡ್ತಾನೆ ಕಣೆ."

ಹಾಗೆಲ್ಲ ಮಾತಾಡಬೇಡಿ ಎಂದೆ. ಅವರು ನಕ್ಕರು. ಸಂತೆಯಲ್ಲಿ ಗಿರಾಕಿ ಸೋತು ಚೀಲ ಬಿಚ್ಚುವಾಗ ನಗುತ್ತಿದ್ದ ನಗು ಅದು. ಗೋಡೆಯ ಕ್ಯಾಲೆಂಡರ್ ತಂದು ಕೆಟ್ಟ ನಕ್ಷತ್ರ ಯಾವಾಗ ಬರುತ್ತದೆಂದು ಓದಲು ಹೇಳಿದರು. ನಾನು ಓದಲಿಲ್ಲ. ಹಾಲು ಹಾಕಲು ಬಂದ ಹೆಂಗಸಿನ ಕೈಲಿ ಓದಿಸಿಕೊಂಡರು. ಆ ದಿನಗಳು ಹತ್ತಿರವಾಗುತ್ತಿದ್ದ ಹಾಗೆ ಗಂಜಿ ಬೇಡವೆಂದರು, ಮಾತ್ರೆಯನ್ನು ಕೆನ್ನೆಯ ಒಳಗಿಟ್ಟುಕೊಂಡು ಆಮೇಲೆ ಉಗಿದರು. ಯಜಮಾನರು ಡಾಕ್ಟರನ್ನು ಕರೆತಂದು ಡ್ರಿಪ್ ಹಾಕಿಸಿದರು. ಮಗ ಆಚೆ ಹೋದ ಕೂಡಲೇ ಅತ್ತೆ ಸೂಜಿ ಕಿತ್ತರು. ಯಜಮಾನರು ಅವರ ಕಾಲು ಹಿಡಿದುಕೊಂಡು ಅತ್ತರು. ತಾಯಿ ಮಗನ ತಲೆ ಸವರಲಿಲ್ಲ. ಮನೆಯ ಪತ್ರಕ್ಕೆ ಸೊಸೆ ಹೆಸರನ್ನೂ ಸೇರಿಸು ಎಂದಷ್ಟೇ ಹೇಳಿದರು. ಅಷ್ಟು ವರ್ಷಗಳಲ್ಲಿ ಅವರು ನನ್ನ ಪರವಾಗಿ ಆಡಿದ ಒಂದೇ ಮಾತು ಅದು.

ಒಂದು ಬೆಳಿಗ್ಗೆ, ನಾನು ಶಾಲೆಗೆ ಹೊರಡುವ ಹೊತ್ತಿಗೆ ಹೋದರು. ಮಣ್ಣು ಮಾಡಿ ಬಂದ ಮೇಲೆ ಜೋಯಿಸರು ಪಂಚಾಂಗ ನೋಡಿ ತಲೆಯಾಡಿಸಿದರು. ಮನೆ ಬಿಡಲೇಬೇಕು ಎಂದರು. ಅತ್ತೆ ಎಣಿಸಿದ ಹಾಗೆಯೇ ಆಗಿತ್ತು. ಮೈಸೂರಿನವರು ಸುದ್ದಿ ತಿಳಿದು ಹಿಂದೆ ಸರಿದರು ಎಂದು ಬ್ರೋಕರ್ ಹೇಳಿದ. ನಾವು ತಿಥಿ ಮುಗಿಸಿ, ಪಡಸಾಲೆಯಲ್ಲಿ ಸಾಮಾನು ಒಟ್ಟಿ, ಮುಂಬಾಗಿಲಿಗೆ ಮುಳ್ಳಿನ ಕೊಂಬೆ ಅಡ್ಡ ಇಟ್ಟು ಬೀಗ ಹಾಕಿ ಗೊಬ್ಬರದ ಅಂಗಡಿಯ ಹಿಂದಿನ ಶೀಟಿನ ಕೋಣೆಗೆ ಹೋದೆವು. ಯೂರಿಯಾ ವಾಸನೆ ಅನ್ನಕ್ಕೂ ಹತ್ತುತ್ತಿತ್ತು. ಆದರೂ ಯಜಮಾನರು ಆ ದಿನಗಳಲ್ಲಿ ಸ್ವಲ್ಪ ನೆಮ್ಮದಿಯಾಗಿದ್ದರು. ಆ ಮನೆ ನಮ್ಮದಾದ ಮೇಲೆ ಅಡುಗೆಮನೆಗೆ ಕಿಟಕಿ ಇಡಿಸುವ ಮಾತಾಡುತ್ತಿದ್ದರು.

ಮನೆ ಬಿಟ್ಟಿರಬೇಕಾದ ಅವಧಿ ಮುಗಿಯುವ ಮೊದಲೇ ಒಂದು ಮಧ್ಯಾಹ್ನ ಆ ಬೀದಿಯ ಹುಡುಗಿಯೊಬ್ಬಳು ತರಗತಿಯಲ್ಲಿ, ಮಿಸ್, ನಿಮ್ಮ ಮನೆ ಒಡೀತಾವ್ರೆ ಎಂದಳು. ನಾನು ಹೋಗುವಷ್ಟರಲ್ಲಿ ಜೆಸಿಬಿ ನಡುಮನೆಯವರೆಗೆ ಬಂದಿತ್ತು. ನಮ್ಮ ಸಾಮಾನನ್ನು ರಸ್ತೆಯ ಬದಿಗೆ ತಂದಿಟ್ಟು ಟಾರ್ಪಾಲು ಹೊದಿಸಿದ್ದರು. ಕೊಂಡವನು ಬೇರೆಯವನು, ವೀರನಹೊಸಹಳ್ಳಿಯ ಕಡೆ ಕಾಡು ನೋಡಲು ಬರುವವರಿಗೆ ರೂಮು ಕಟ್ಟಿಸುತ್ತಿದ್ದವನು. ಒಳ್ಳೆಯ ಮಾತಿನ ಮನುಷ್ಯ. ನನಗೆ ಕೂರಲು ಕುರ್ಚಿ ಹಾಕಿಸಿದ. ಈ ಮನೆಯಲ್ಲಿ ಸಾವಾಗಿದ್ದು ಗೊತ್ತೇ ಎಂದು ಕೇಳಿದೆ.

"ಗೊತ್ತು ಮೇಡಂ. ಕೆಡವೋ ಮನೇಲಿ ಯಾರು ಸತ್ರೆ ನಮಗೇನು? ನಾವು ತಗೊಂಡಿದ್ದು ಜಾಗ. ಬಾಡಿಗೆಯೋರು ಕಾಲಿ ಮಾಡಿದ್ದೇ ಅನುಕೂಲ ಆಯ್ತು ಅಂದ್ರು ಓನರು. ಇಲ್ಲಾಂದ್ರೆ ಕೋರ್ಟು ಗೀರ್ಟು ಅಂತ ಆಗೋದಂತೆ."

ನಮಗೆ ಹೇಳಿದ್ದಕ್ಕಿಂತ ಎಷ್ಟೋ ಹೆಚ್ಚಿನ ಬೆಲೆಗೆ ಹೋಗಿತ್ತು. ಓನರು ನಮ್ಮ ಬಾಡಿಗೆ ಅಡ್ವಾನ್ಸಿನಲ್ಲಿ ಶಾಂತಿಹೋಮದ ಖರ್ಚು ಮುರಿದುಕೊಂಡು ಉಳಿದದ್ದನ್ನು ಕಳಿಸಿದರು. ಹೋಮ ಯಾವ ಮನೆಯಲ್ಲಿ ಮಾಡಿಸಿದರೆಂದು ನಾವು ಕೇಳಲಿಲ್ಲ. ನಾದಿನಿ ಫೋನು ಮಾಡಿ, ಹೇಗೂ ಮನೆ ತೆಗೆದುಕೊಳ್ಳಲಿಲ್ಲವಲ್ಲ, ಕೈಗಡ ಹಿಂತಿರುಗಿಸಿ ಎಂದಳು. ಅದನ್ನೂ ಕೊಟ್ಟೆವು.

ಈಗ ಪಿರಿಯಾಪಟ್ಟಣದಲ್ಲಿ ಬಾಡಿಗೆಗಿದ್ದೇವೆ. ನಾನು ಬಸ್ಸಿನಲ್ಲಿ ಹುಣಸೂರಿಗೆ ಓಡಾಡುತ್ತೇನೆ. ಇಲ್ಲಿನ ಓನರಮ್ಮ ಮೊದಲ ದಿನವೇ ಮನೆಯಲ್ಲಿ ವಯಸ್ಸಾದವರು ಇದ್ದಾರಾ ಎಂದು ಕೇಳಿದರು. ಇಲ್ಲ ಎಂದು ನಾನು ಹೇಳುತ್ತಿದ್ದಾಗ ಯಜಮಾನರು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದರು. ಆ ಮಾತಿಗೇ ಆಕೆ ಬಾಡಿಗೆಯಲ್ಲಿ ಸ್ವಲ್ಪ ಇಳಿಸಿಕೊಟ್ಟರು.