ಜಗುಲಿಯ ಫೋನು ಮತ್ತು ಮೊಮ್ಮಗಳ ಹಣೆ

ಹೋದ ವಾರ ಮೊಮ್ಮಗಳು ಅಟ್ಟದಿಂದ ಹಳೆ ಸಾಮಾನು ಇಳಿಸುವಾಗ ಎಲೆಯಡಿಕೆ ಪೆಟ್ಟಿಗೆಯಷ್ಟು ದೊಡ್ಡದೊಂದು ಕಪ್ಪು ಡಬ್ಬಿ ಸಿಕ್ಕಿತು. ಎದುರಿಗೆ ನಾಲ್ಕೈದು ಪುಟ್ಟ ದೀಪ, ಹಿಂದೆ ತುಂಡಾದ ಫೋನಿನ ತಂತಿ. ಅವಳು ಅದನ್ನು ಗುಜರಿ ಚೀಲಕ್ಕೆ ಹಾಕುವುದರಲ್ಲಿದ್ದಳು. ಈ ವಯಸ್ಸಿನಲ್ಲಿ ನಾನು ಅಷ್ಟು ಜೋರಾಗಿ ಓಡಬಲ್ಲೆ ಎಂದು ನನಗೇ ಗೊತ್ತಿರಲಿಲ್ಲ!

"ನಿಂಗೆ ಹೆಸ್ರ್ ಬಂದದ್ದೇ ಇದ್ರಿಂದ ಹೆಣ್ಣೆ" ಎಂದೆ. ಅವಳು ನಕ್ಕು, "ಹಂಗಾರೆ ಬರ್ದಿಡಿ ಅಜ್ಜಿ" ಎಂದಳು. ನಾನು ಓದಿದ್ದು ಮೂರನೇ ಕ್ಲಾಸು. ತಪ್ಪಿದ್ದನ್ನು ಅವಳೇ ತಿದ್ದಲಿ ಎಂದು ಬರೆಯಲು ಕೂತಿದ್ದೇನೆ. ಆ ದಿನ ನೆನಪಾದರೆ ಈಗಲೂ ಎದೆ ತುಂಬಿ ಬರುತ್ತದೆ. ಅರ್ಥವಾಗದ್ದು ಮಾತ್ರ ಆಗ ಎಷ್ಟಿತ್ತೋ ಈಗಲೂ ಅಷ್ಟೇ ಇದೆ.

ಮಗಳು ಬೊಂಬಾಯಿಯಲ್ಲಿ ಹೆತ್ತಳು. ಮೊದಲ ಹೆರಿಗೆ ತವರಲ್ಲೇ ಆಗಬೇಕಿತ್ತು, ಆದರೆ ಡಾಕ್ಟ್ರು ಬಸ್ಸು ಹತ್ತಲೇಬಾರದು ಎಂದರಂತೆ. ನಾನೇ ಹೋಗುವುದೆಂದು ಬಟ್ಟೆ ಕಟ್ಟಿಟ್ಟುಕೊಂಡಿದ್ದೆ. ಹೊರಡಲು ಎರಡು ದಿನ ಇರುವಾಗ ಬಾವಿಕಟ್ಟೆಯಲ್ಲಿ ಜಾರಿ ಬಿದ್ದು ಎಡಗಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ನಮ್ಮೂರು ಬೀಜಾಡಿಯ ಮನೆಯಲ್ಲೇ ಉಳಿದೆ.

ನಮ್ಮಲ್ಲಿ ಒಂದು ಕ್ರಮವಿದೆ. ಮಗಳ ಮೊದಲ ಮಗುವನ್ನು ಮೊರದಲ್ಲಿ ಮಲಗಿಸಿ ತಾಯಿಯ ತಾಯಿಯ ಎದುರಿಗೆ ಇಡುತ್ತಾರೆ. ಅಜ್ಜಿ ಮುಖ ನೋಡಿ, ಹಿರಿಯರಲ್ಲಿ ಯಾರ ಹಾಗೆ ಕಾಣುತ್ತದೋ ಅವರ ಹೆಸರನ್ನು ಮಗುವಿನ ಕಿವಿಯಲ್ಲಿ ಮೂರು ಸಲ ಹೇಳಬೇಕು. ಭಾನುವಾರ ಮಧ್ಯಾಹ್ನದ ಒಳಗೆ ಹೆಸರಿಡಲು ಮುಹೂರ್ತವಾಗಿತ್ತು. ಫೋನಿನಲ್ಲೇ ಹೇಳಿಬಿಡು ಎಂದು ಮಗಳು ಅತ್ತಳು. ನಾನು ಜಗ್ಗಲಿಲ್ಲ. "ಮುಖ ಕಾಣ್ದೆ ಹೆಸ್ರ್ ಹೇಳುದಿಲ್ಲ" ಎಂದೆ. ಕಾಣದ ಮಗುವಿಗೆ ಹೆಸರಿಡುವುದೆಂದರೆ ಯಾರದೋ ಮಗುವಿಗೆ ಇಟ್ಟ ಹಾಗೆ ಅಲ್ಲವೇ? ಆಗ ಅಳಿಯ, "ಫೋಟೋ ಕಂಪ್ಯೂಟರಿನಲ್ಲಿ ಕಳಿಸ್ತೆ" ಎಂದ.

ಕಂಪ್ಯೂಟರ್ ನಮ್ಮಲ್ಲಿತ್ತು ಎನ್ನಿ. ಮಗ ದೋಣಿಗಳಿಗೆ ಐಸು ಹಾಕುತ್ತಿದ್ದ. ಐಸ್ ಪ್ಲಾಂಟಿನವರು ಹೊಸದು ತಂದಾಗ ಅವರ ಹಳೆಯದನ್ನು ಕೇಳಿ ಗೋಣಿಯಲ್ಲಿ ಸುತ್ತಿ ತಂದಿದ್ದ. ಅದನ್ನು ಹಚ್ಚಿದರೆ ಮೊದಲು ಬರುತ್ತಿದ್ದದ್ದು ಬಂಗುಡೆ ಮೀನಿನ ವಾಸನೆ, ಆಮೇಲೆ ಬೆಳಕು. ಮಗ ಶನಿವಾರ ಮೋಡೆಮ್ ಎನ್ನುವ ಈ ಕಪ್ಪು ಡಬ್ಬಿಯನ್ನೂ, ಫೋನ್ ಆಫೀಸಿನವರು ಬರೆದುಕೊಟ್ಟ ಚೀಟಿಯನ್ನೂ ತಂದಿಟ್ಟು, ಭಾನುವಾರ ಬೆಳಿಗ್ಗೆ ಐಸಿನ ಲಾರಿ ಜೊತೆ ಹೋದ. ಉಳಿದದ್ದು ಸೊಸೆಯ ತಲೆಗೆ ಬಂತು. ಮದುವೆಗೆ ಮುಂಚೆ ಕುಂದಾಪುರದಲ್ಲಿ ಮೂರು ತಿಂಗಳು ಕಂಪ್ಯೂಟರ್ ಕಲಿತವಳು ಅವಳು.

ಅವಳು ಡಬ್ಬಿಯ ಒಂದು ತಂತಿ ಕಂಪ್ಯೂಟರಿನ ಬೆನ್ನಿಗೆ, ಇನ್ನೊಂದು ಗೋಡೆಯ ಫೋನಿನ ತೂತಿಗೆ ಸಿಕ್ಕಿಸಿದಳು. ನಾನು ಕಾಲು ಚಾಚಿ ಪಕ್ಕದಲ್ಲಿ ಕೂತೆ.

"ಫೋಟೋ ಬೊಂಬಾಯಿಂದ ಹೊರಟಿತಾ?" ಕೇಳಿದೆ.

"ಹೊರಟ್ ಆಯ್ತ್ ಅತ್ತೆ, ಬಂದೂ ಆಯ್ತ್. ನಾವ್ ಅಲ್ಲಿಗ್ ಹೋಯಿ ತಕಣ್ಕ್ ಅಷ್ಟೆ."

"ಅಲ್ಲಿಗೆ ಅಂದ್ರೆ ಎಲ್ಲಿಗೆ? ಉಡುಪಿಗಾ?"

"ಎಲ್ಲಿಗೂ ಅಲ್ಲ. ಇಲ್ಲೇ ಕೂಕಂಡ್ ಹೋಪುದ್."

ಕೂತುಕೊಂಡು ಹೋಗುವುದು ಬಸ್ಸಿನಲ್ಲಿ ಮಾತ್ರ ಎಂದು ತಿಳಿದವಳು ನಾನು.

ಅವಳು ಒತ್ತಿದಳು. ಡಬ್ಬಿಯೊಳಗೆ ಟಕ್ ಟಕ್ ಎಂದಿತು. ಆಮೇಲೆ ಕುಂಯ್ ಎಂದು ಶುರುವಾಗಿ, ಮೀನಿನ ಬುಟ್ಟಿಗೆ ಎರಗಿದ ಕಾಗೆ ಹಿಂಡಿನ ಹಾಗೆ ಕಿರುಚಿ, ಥಟ್ಟನೆ ನಿಂತಿತು. "ಕಟ್ ಆಯ್ತ್" ಎಂದಳು. ಮತ್ತೆ ಒತ್ತಿದಳು. ಅದೇ ಟಕ್ ಟಕ್, ಅದೇ ಕಿರುಚಾಟ, ಕಟ್. ತಂತಿ ಬಿಚ್ಚಿ ಊದಿ ಹಾಕಿದಳು, ಚೀಟಿ ಮೂರು ಸಲ ಓದಿದಳು, ಕಂಪ್ಯೂಟರನ್ನು ಆರಿಸಿ ಹಚ್ಚಿದಳು. ಕಟ್. ಗಂಟೆ ಹನ್ನೊಂದಾಗಿತ್ತು. ಅವಳ ಕುತ್ತಿಗೆಯಲ್ಲಿ ಬೆವರು. ನಾನಂತೂ ಡಬ್ಬಿಗೆ ಮನಸ್ಸಿನಲ್ಲೇ ಕೈ ಮುಗಿದೆ.

ಇತ್ತ ಜಗುಲಿಯಿಂದ ನಮ್ಮ ಮನೆಯವರ "ಹಲೋ, ಹಲೋ" ಕೇಳುತ್ತಲೇ ಇತ್ತು. ನಮ್ಮ ಓಣಿಗೆ ಆಗ ಇದ್ದದ್ದು ನಮ್ಮದೊಂದೇ ಫೋನು. ನೆರೆಕರೆಯವರು ಒಳಗೆ ಬರಲು ನಾಚುತ್ತಾರೆಂದು ಇವರು ಅದೇ ತಂತಿಯಿಂದ ಇನ್ನೊಂದು ಫೋನನ್ನು ಜಗುಲಿಯ ಮರದ ಪೆಟ್ಟಿಗೆಯಲ್ಲಿ ಇಡಿಸಿದ್ದರು. ಬೊಂಬಾಯಿಯ ಹೋಟೆಲುಗಳಲ್ಲಿ ದುಡಿಯುವ ಗಂಡಸರು ಭಾನುವಾರ ಬೂತಿನಲ್ಲಿ ಸಾಲು ನಿಂತು ಫೋನು ಮಾಡುತ್ತಿದ್ದರು. ಗಂಟೆ ಎರಡನೇ ಸಲ ಹೊಡೆಯುವ ಮೊದಲೇ ಎತ್ತಬೇಕು, ಇದು ಇವರ ಕಾನೂನು. ಬಲೆ ಹೆಣೆಯುತ್ತ ಅಲ್ಲೇ ಕೂರುತ್ತಿದ್ದರು. ಹಾಗಾಗಿ ಆ ಹಲೋಗಳು ನಮಗೆ ಹೊಸತೆನಿಸಲಿಲ್ಲ.

ಐದನೇ ಸಲವೂ ಕಟ್ ಆದಾಗ ಸಿಟ್ಟು ಬಂದು, ಕೋಲು ಹಿಡಿದು ಒಂಟಿ ಕಾಲಲ್ಲಿ ಜಗುಲಿಗೆ ಬಂದೆ. "ಹ್ವಾಯ್, ಎಂತಕೆ ಹಾಂಗ್ ಕೂಗುದ್? ಒಳ್ಗೆ ಕೆಲ್ಸ ಕೆಡ್ತಾ ಇತ್ತ್!"

ಇವರು ರಿಸೀವರ್ ಕಿವಿಗಿಟ್ಟುಕೊಂಡೇ ಹೇಳಿದರು: "ಎಂತದ ಮಾರಾಯ್ತಿ, ಯಾರೋ ಐದ್ ಸಲ ಫೋನ್ ಮಾಡ್ರ್. ಗಂಟಿ ಸಮಾ ಹೊಡುದಿಲ್ಲ, ಬರೀ ಟಿಣ್ ಟಿಣ್. ಎತ್ರೆ ಒಂದೇ ಸಮ್ನೆ ಕಿರ್ಚ್ತ್ರ್. ಪಾಪ, ಎಂತೋ ಕಷ್ಟದಲ್ಲಿದ್ರ್. ಯಾವೂರ್ ಅಂತ ಕೇಂಡ್ರೆ ಮಾತ್ರ ಹೇಳುದಿಲ್ಲ."

ಸೊಸೆ ಬಾಗಿಲಿಗೆ ಬಂದು ಹಣೆ ಬಡಿದುಕೊಂಡಳು. "ಮಾವಾ! ಅದ್ ನಮ್ಮ ಕಂಪ್ಯೂಟ್ರೇ! ನೀವ್ ಎತ್ತುಕೇ ಕಟ್ ಆಪುದ್!"

"ಕಂಪ್ಯೂಟ್ರ್ ಒಳ್ಗೆ ಇತ್ತಲೆ? ಹೊರ್ಗಿನ ಫೋನಂಗೆ ಎಂತಕೆ ಕೂಗುದ್?"

ಅದಕ್ಕೆ ಅವಳು ಏನೋ ಹೇಳಿದಳು. ನಮಗಿಬ್ಬರಿಗೂ ಗೊತ್ತಾಗಲಿಲ್ಲ. ಎತ್ತಬೇಡಿ ಎಂದರೆ ಇವರಿಗೆ ಆಗದು. "ಗಂಟಿ ಹೊಡ್ದ್ರೆ ಎತ್ತದೇ ಇಪ್ಪುದ್ ಹ್ಯಾಂಗೆ? ನಾನ್ ಬಿಟ್ರೂ ಕೈ ಕೇಣ್ಕಲೆ!"

ಗಂಡನ ಫೋನಿಗೆ ಕಾಯುತ್ತ ಮೆಟ್ಟಿಲಲ್ಲಿ ಕೂತಿದ್ದ ನೆರೆಮನೆಯವಳು ಎದ್ದು ಬಂದು ಫೋನಿನ ಪೆಟ್ಟಿಗೆಯ ಮುಚ್ಚಳ ಹಾಕಿ ಅದರ ಮೇಲೆಯೇ ಕೂತುಬಿಟ್ಟಳು. "ಈಗ ಎತ್ತಿ ಕಾಂಬ! ಹೋಯ್ನಿ ಅಕ್ಕ, ನಿಮ್ಮ ಮೊಮ್ಮಗಳ್ ಬರ್ಲಿ. ನಮ್ಮನಿಯವ್ರ್ ಒಂದ್ ಗಳ್ಗಿ ಕಾಯ್ಲಿ. ಮದ್ವಿ ಆದಲ್ಲಿಂದ ನಾನ್ ಕಾದಿದ್ನಲೆ!"

ನಾವಿಬ್ಬರೂ ಒಳಗೆ ಹೋಗಿ ಕೂತೆವು, ಸೊಸೆ ಮತ್ತೆ ಒತ್ತಿದಳು. ಈ ಸಲ ಡಬ್ಬಿ ಕಿರುಚಿ ಕಿರುಚಿ ತಾನಾಗಿ ಸುಮ್ಮನಾಯಿತು. ದೀಪಗಳು ಮಿಣುಕತೊಡಗಿದವು. ಸೊಸೆ ನನ್ನ ತೊಡೆ ಚಿವುಟಿದಳು. ಫೋಟೋ ಒಮ್ಮೆಗೇ ಬರಲಿಲ್ಲ. ಚಾಪೆ ಬಿಚ್ಚಿದ ಹಾಗೆ ಮೇಲಿನಿಂದ ಕೆಳಗೆ ಗೆರೆ ಗೆರೆಯಾಗಿ ಇಳಿಯಿತು.

"ಕೂದ್ಲ್ ಬಂತ್!" ಎಂದು ಕೂಗಿದೆ.

"ಇನ್ನೆಷ್ಟ್ ಬಪ್ಕಿತ್ತ್?" ಪೆಟ್ಟಿಗೆಯ ಮೇಲಿಂದ ನೆರೆಮನೆಯವಳು.

"ಹಣೆ ಬಂತ್! ಹುಬ್ಬ್ ಬಂತ್! ಕಣ್ಣ್ ಮುಚ್ಕಂಡಿತ್ತ್, ನಿದ್ರಿ!"

ಮೂಗು ಶುರುವಾಗುವಷ್ಟರಲ್ಲಿ ತಲೆ ಮೇಲಿನ ಫ್ಯಾನು ನಿಧಾನವಾಯಿತು. ಪರದೆ ಕಪ್ಪಾಯಿತು. ಕರೆಂಟು ಹೋಗಿತ್ತು. ಗಂಟೆ ಹನ್ನೊಂದೂವರೆ ದಾಟಿತ್ತು.

ಸೊಸೆ ಅಳುವ ಹಾಗಾದಳು. ನಾನು ಮಾತ್ರ ಆ ಕಪ್ಪು ಗಾಜನ್ನೇ ನೋಡುತ್ತಿದ್ದೆ. ಹಣೆಯ ಬಲಬದಿಯಲ್ಲಿ ಒಂದು ಸುಳಿ ಕಂಡಿದ್ದೆ. ಕೂದಲು ಅಲ್ಲಿ ತಿರುಗಿ ಭತ್ತದ ನೇಜಿಯ ಹಾಗೆ ನೆಟ್ಟಗೆ ನಿಂತಿತ್ತು. ನನ್ನ ಅತ್ತೆಗೆ ಅದೇ ಜಾಗದಲ್ಲಿ ಅಂಥದೇ ಸುಳಿ. ಎಷ್ಟು ಎಣ್ಣೆ ಹಾಕಿ ಬಾಚಿದರೂ ಮಲಗುತ್ತಿರಲಿಲ್ಲ. ಆದರೆ ಮೂಗು ಬೇರೆಯವರದಾಗಿದ್ದರೆ? ಬಾಯಿ? ಅರ್ಧ ಮುಖಕ್ಕೆ ಇಡೀ ಹೆಸರು ಹೇಳಬಹುದೇ?

ಅಷ್ಟರಲ್ಲಿ ಫೋನು ಹೊಡೆಯಿತು. ಕರೆಂಟಿಲ್ಲದೆ ಇದು ಹೇಗೆ ಹೊಡೆಯಿತು ಎಂದು ಮತ್ತೊಂದು ಗೊಂದಲ. ಜಗುಲಿಯಿಂದ ನೆರೆಮನೆಯವಳು, "ಅಕ್ಕಾ, ಎತ್ತುದಾ ಬೇಡ್ದಾ?" ಎಂದು ಬೊಬ್ಬೆ ಹಾಕಿದಳು. ನಾನೇ ಒಳಗಿನದನ್ನು ಎತ್ತಿದೆ.

"ಅಮ್ಮಾ, ಎಷ್ಟೊತ್ತಿಂದ ಮಾಡ್ತೆ, ಬರೀ ಎಂಗೇಜ್! ಇಲ್ಲಿ ಎಲ್ಲ ಕಾಯ್ತಾ ಇದ್ರ್. ಮುಖ ಕಂಡ್ಯಾ?" ಎಂದಳು ಮಗಳು.

"ಅರ್ಧ ಕಂಡೆ."

"ಅರ್ಧವಾ!"

"ಸಾಕ್. ಫೋನ್ ಅದ್ರ ಕಿವಿಗ್ ಹಿಡಿ."

ಆ ತುದಿಯಲ್ಲಿ ಸರಬರ ಸದ್ದಾಯಿತು. ಆಮೇಲೆ ಬೆಕ್ಕಿನ ಮರಿಯಂಥ ಸಣ್ಣ ಉಸಿರು ನನ್ನ ಕಿವಿಯಲ್ಲಿ! ಸೊಸೆಯಾಗಿ ಬಂದ ದಿನದಿಂದ ಅತ್ತೆಯ ಹೆಸರನ್ನು ನಾನು ಒಮ್ಮೆಯೂ ಬಾಯಲ್ಲಿ ಹೇಳಿದವಳಲ್ಲ. ಹೇಳುವ ಕ್ರಮವಿರಲಿಲ್ಲ. ನಾಲಿಗೆಗೆ ಆ ಹೆಸರೇ ಹೊಸದು. ಕಣ್ಣು ಮುಚ್ಚಿ ಹೇಳಿದೆ. ಒಂದು ಸಲ, ಎರಡು ಸಲ.

ಮೂರನೆಯ ಸಲಕ್ಕೆ ಮುಂಚೆ ತಂತಿಯಲ್ಲಿ ಟಕ್ ಎಂದಿತು. ಜಗುಲಿಯ ಫೋನು ಎತ್ತಿದ ಸದ್ದು. ನೆರೆಮನೆಯವಳನ್ನು ಹೇಗೆ ಎಬ್ಬಿಸಿದರೋ ಏನೋ! ಬಲೆ ಹೆಣೆಯುವಾಗ ಬಿಡುವ ಅದೇ ದೊಡ್ಡ ಉಸಿರು ಆ ಪುಟ್ಟ ಉಸಿರಿನ ಪಕ್ಕದಲ್ಲಿ ಕೇಳಿತು. ನಾನು ಮೂರನೆಯ ಸಲ ಹೇಳಿದೆ.

ಆಮೇಲೆ ಜಗುಲಿಯಿಂದಲೂ ಫೋನಿನಿಂದಲೂ ಇವರ ದನಿ ಒಟ್ಟಿಗೆ ಬಂತು: "ನಮ್ಮ ಅಮ್ಮನ್ ಹೆಸ್ರ್... ಇನ್ನೊಂದ್ ಸಲ ಹೇಳ್ ಕಾಂಬ."

ಮೂರೇ ಸಲ ಹೇಳುವುದು ಕ್ರಮ. ನಾನು ನಾಲ್ಕನೆಯ ಸಲವೂ ಹೇಳಿದೆ. ಫೋನು ಇಡಿ ಎಂದು ಆ ಹೊತ್ತು ಸೊಸೆಯೂ ಮಾವನಿಗೆ ಹೇಳಲಿಲ್ಲ.